ಕಡೂರು ಸೀಮೆಯ ಬದುಗಳಲ್ಲಿ ಅಂಟುವಾಳ

ಉತ್ತರ ಅಮೆರಿಕದ ಮನೆತೋಟಗಳಲ್ಲಿ ಮೆಚ್ಚಿ ಬೆಳೆಸುವ, 1953ರಲ್ಲಿ ಓಹಾಯೊ ಸಂಸ್ಥಾನದ ಅಧಿಕೃತ ಮರವೆಂದು ಘೋಷಿತವಾದ ಬಕ್‌ಐ, ಮತ್ತು ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳ ಹೊಲದ ಬದುಗಳಲ್ಲಿ ಹೆಚ್ಚಿನ ಆರೈಕೆ ಬೇಡದೆ ಬೆಳೆಯುವ ಅಂಟುವಾಳ, ಇವೆರಡೂ ಸ್ಯಾಪಿಂಡೇಸಿ ಎಂಬ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಬಕ್‌ಐಯನ್ನು ಒಳಗೊಂಡ ಈಸ್ಕ್ಯುಲಸ್ ಕುಲವನ್ನು ಹಿಂದಿನ ಸಸ್ಯಶಾಸ್ತ್ರಜ್ಞರು ಬೇರೆಯೇ ಕುಟುಂಬವೆಂದು ಎಣಿಸುತ್ತಿದ್ದರಾದರೂ, ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಡಿಎನ್‌ಎ ಆಧಾರಿತ ವರ್ಗೀಕರಣ ಬಂದ ಬಳಿಕ ಅದು ಅಂಟುವಾಳ, ಸಾಗಡೆ, ಲಿಚಿ ಮತ್ತು ಕಡೂರಿನ ಕುರುಚಲು ಗುಡ್ಡಗಳಲ್ಲಿ ಹೇರಳವಾಗಿರುವ ಬಂದರೆ ಗಿಡಗಳ ಬಳಗಕ್ಕೆ ಬಂದು ಸೇರಿತು. ಬಕ್‌ಐ ಎಲೆಯಲ್ಲಿ ತೊಟ್ಟಿನ ತುದಿಯಿಂದ ಅಂಗೈಯ ಬೆರಳುಗಳಂತೆ ಸಾಮಾನ್ಯವಾಗಿ ಐದು ಕಿರುಎಲೆಗಳು ಹರಡಿಕೊಂಡಿದ್ದರೆ, ಅಂಟುವಾಳದಲ್ಲಿ ನಡುದಂಟಿನ ಎರಡೂ ಬದಿಗೆ ಎರಡು ಅಥವಾ ಮೂರು ಜೊತೆ ಕಿರುಎಲೆಗಳಿರುತ್ತವೆ. ತುದಿಯ ಜೊತೆ ಎಲ್ಲಕ್ಕಿಂತ ದೊಡ್ಡದು.

ಬಂಧುತ್ವವಿದೆಯೆಂದು ಬಕ್‌ಐಯನ್ನು ಈ ಸೀಮೆಗೆ ತರಿಸಿ ನೆಡುವುದು ಫಲಿಸುವ ಕೆಲಸವಲ್ಲ, ಮತ್ತು ಅದರ ಕಾರಣ ಬೀಜದಲ್ಲಿಯೇ ಇದೆ. ಬಕ್‌ಐ ಬೀಜ ಹೊಳೆಯುವ ಕಂದು ಬಣ್ಣದ, ತೇವ ತುಂಬಿದ ದಪ್ಪ ಬೀಜ. ಒಣಗಿದರೆ ಅದರ ಜೀವ ಹೋಗುತ್ತದೆ. ಒದ್ದೆ ಮಣ್ಣಿನೊಳಗೆ ಸುಮಾರು 5 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ ನಾಲ್ಕು ತಿಂಗಳಷ್ಟು ಕಾಲ ಕಳೆದ ಮೇಲೆ ಮಾತ್ರ ಅದು ಸರಿಯಾಗಿ ಮೊಳೆಯುತ್ತದೆ. ಇಂಥ ಸುದೀರ್ಘ ಚಳಿ ತರೀಕೆರೆ ತಾಲ್ಲೂಕಿನ, 1,400 ಮೀಟರಿಗೂ ಎತ್ತರದ ಕೆಮ್ಮಣ್ಣುಗುಂಡಿಯಲ್ಲಿಯೂ ಇಲ್ಲ. ಭಾರತದ ಈಸ್ಕ್ಯುಲಸ್‌ಗಳಲ್ಲಿ ಹೆಚ್ಚು ಪರಿಚಿತವಾದ ಬನಖೋರ್ ಮರವೂ ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳ ಹಿಮಾಲಯದ ಇಳಿಜಾರುಗಳನ್ನು ಬಿಟ್ಟು ದಕ್ಷಿಣಕ್ಕೆ ಇಳಿದಿಲ್ಲ. ಅಂಟುವಾಳದ ಬೀಜದ ಸ್ವಭಾವ ಇದಕ್ಕೆ ಪೂರ್ತಿ ವಿರುದ್ಧ. ಕಪ್ಪಗೆ ನುಣುಪಾಗಿ, ಕಲ್ಲಿನಷ್ಟು ಗಟ್ಟಿಯಾಗಿರುವ ಅದರ ಹೊರಸಿಪ್ಪೆ ನೀರನ್ನು ಸುಲಭವಾಗಿ ಒಳಬಿಡುವುದಿಲ್ಲವಾದ್ದರಿಂದ, ಬೇಸಿಗೆಯ ಒಣ ನೆಲದಲ್ಲಿ ಬಿದ್ದ ಬೀಜ ಕೆಡದೆ ಉಳಿದು, ಮಳೆ, ಬಿಸಿಲು ಮತ್ತು ಮಣ್ಣಿನ ಸೂಕ್ಷ್ಮಜೀವಿಗಳು ಸಿಪ್ಪೆಯನ್ನು ಸವೆಸಿದ ಮೇಲೆ ಮೊಳೆಯುತ್ತದೆ. ಒಂದೇ ಕುಟುಂಬದ ಒಂದು ಮರ ಚಳಿಯನ್ನೂ ಇನ್ನೊಂದು ಮಳೆಯನ್ನೂ ಕಾದು ಏಳುವಂತೆ ರೂಪುಗೊಂಡಿರುವುದು ಹವಾಮಾನವು ಬೀಜವನ್ನು ತಿದ್ದುವ ಬಗೆಗೆ ಒಳ್ಳೆಯ ನಿದರ್ಶನ.

ಸಸಿ ಮಾಡುವವರು ಗಮನಿಸಬೇಕಾದ ಮೊದಲ ಸಂಗತಿಯೂ ಇದೇ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಣ್ಣಾಗಿ ಉದುರುವ ಕಾಯಿಗಳಿಂದ ಬೀಜ ಬಿಡಿಸಿ, ಅಂಟನ್ನು ಚೆನ್ನಾಗಿ ತೊಳೆದು, ಸಿಪ್ಪೆಯ ಒಂದು ಬದಿಯನ್ನು ಒಳಗಿನ ತಿರುಳಿಗೆ ತಾಗದಂತೆ ಒರಟು ಕಲ್ಲಿಗೆ ಉಜ್ಜಿ ತೆಳುವಾಗಿಸಿ, ಒಂದೆರಡು ದಿನ ನೀರಿನಲ್ಲಿ ನೆನೆಹಾಕಿದರೆ ಮೊಳಕೆ ಬೇಗ ಮತ್ತು ಹೆಚ್ಚು ಸಮನಾಗಿ ಬರುತ್ತದೆ. ತಾಯಿಬೇರು ಬೇಗನೆ ಆಳಕ್ಕಿಳಿಯುವುದರಿಂದ ಗಿಡ್ಡ ಕವರಿನಲ್ಲಿ ಬೆಳೆಸಿದರೆ ಬೇರು ತಳದಲ್ಲಿ ಸುರುಳಿ ಸುತ್ತಿಕೊಳ್ಳುತ್ತದೆ. ಹಾಗೆ ಸುತ್ತಿದ ಬೇರಿನ ಸಸಿ ನೆಟ್ಟ ಮೇಲೂ ಆಳದ ತೇವವನ್ನು ಮುಟ್ಟಲಾರದೆ ಸೊರಗುತ್ತದೆಯಾದ್ದರಿಂದ ಉದ್ದನೆಯ ಕವರುಗಳನ್ನೇ ಬಳಸಬೇಕು.

ಮಾರ್ಚಿಯಲ್ಲಿ ಬಿತ್ತಿದ ಸಸಿಯನ್ನು ಒಂದು ವರ್ಷ ಸಾಕಿ ಮರುವರ್ಷದ ಆರಿದ್ರಾ ಮಳೆಯ ಹೊತ್ತಿಗೆ ನೆಟ್ಟರೆ, ಮುಂದೆ ಬರುವ ಹಸ್ತ, ಚಿತ್ತೆ ಮಳೆಗಳೂ ಅದಕ್ಕೆ ದಕ್ಕುತ್ತವೆ. ಮಲೆನಾಡಿನ ಬೆಟ್ಟಸಾಲಿನ ಮಳೆನೆರಳಿನಲ್ಲಿರುವ ಕಡೂರಿಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಮಾತ್ರ ಬೀಳುವುದರಿಂದ, ಅಲ್ಲಿಯ ಕೆಂಪು ಮರಳುಮಿಶ್ರಿತ ನೆಲದಲ್ಲಿ ಎರಡಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಕೆರೆಗೋಡು ಮತ್ತು ಕೊಟ್ಟಿಗೆ ಗೊಬ್ಬರವನ್ನು ಮೇಲ್ಮಣ್ಣಿನೊಂದಿಗೆ ಬೆರೆಸಿ ತುಂಬುವುದು ತೇವ ಹಿಡಿದಿಡಲು ನೆರವಾಗುತ್ತದೆ. ಅಜ್ಜಂಪುರದ ಎರೆಭೂಮಿಯ ಸಮಸ್ಯೆ ಬೇರೆ: ಮಳೆಗಾಲದಲ್ಲಿ ನೀರು ನಿಂತು ಎಳೆ ಬೇರು ಉಸಿರುಗಟ್ಟುತ್ತದೆ, ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟು ಬೇರು ಹರಿಯುತ್ತದೆ. ಅಲ್ಲಿ ಗುಂಡಿಯನ್ನು ಹೊಲದ ಮಟ್ಟದಲ್ಲಿ ತೆಗೆಯದೆ ಎತ್ತರದ ಬದುವಿನ ಮೇಲೆಯೇ ತೆಗೆದು, ಬೇಸಿಗೆಗೆ ಮುನ್ನ ಬುಡಕ್ಕೆ ದಪ್ಪನಾಗಿ ತರಗು ಹೊದಿಸುವುದು ಲೇಸು. ತರೀಕೆರೆಯ ಪಶ್ಚಿಮ ಭಾಗದಲ್ಲಿ ಮಳೆ ಹೆಚ್ಚು. ನೀರು ಬಸಿದುಹೋಗುವ ಜಾಗವೊಂದಿದ್ದರೆ ಸಾಕು. ಮೊದಲ ಎರಡು ಮೂರು ವರ್ಷ ದನಕರುಗಳಿಂದ ರಕ್ಷಿಸಲು ಮುಳ್ಳಿನ ಬೇಲಿ ಮತ್ತು ಕಡುಬೇಸಿಗೆಯಲ್ಲಿ ಆಗಾಗ ಬಿಂದಿಗೆ ನೀರು ಕೊಟ್ಟರೆ, ಆಮೇಲೆ ಮರ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಬೀಜದಿಂದ ಬೆಳೆದ ಮರ ಕಾಯಿ ಬಿಡಲು ಎಂಟು ಹತ್ತು ವರ್ಷಗಳಾದರೂ ಬೇಕು. ಈ ದೀರ್ಘ ಕಾಯುವಿಕೆಯ ಕಾರಣದಿಂದಲೇ, ಅಡಿಕೆ ಇಡಲು ಬದು ಸವರುವಾಗ ಹಳೆಯ ಅಂಟುವಾಳವನ್ನು ಕಡಿದುಹಾಕುವುದು ಸುಲಭವಾಗಿ ತುಂಬಿಕೊಳ್ಳದ ನಷ್ಟ.

ಹೂವಿನ ವಿಷಯದಲ್ಲಿ ಬಕ್‌ಐಗೂ ಅಂಟುವಾಳಕ್ಕೂ ಗಮನಾರ್ಹವಾದ ಹೋಲಿಕೆಯಿದೆ. ಮಳೆಗಾಲ ಕಳೆದು ಚಳಿ ಹಿಡಿಯುವ ಹೊತ್ತಿಗೆ ಅಂಟುವಾಳದ ರೆಂಬೆಗಳ ತುದಿಯಲ್ಲಿ ತುಕ್ಕುಬಣ್ಣದ ನವಿರುಗಳಿರುವ ಕವಲುಗೊಂಚಲುಗಳು ಮೂಡಿ, ಮಾಸಲು ಬಿಳಿಯ ಸಣ್ಣ ಹೂಗಳು ಅರಳುತ್ತವೆ. ಅವುಗಳಲ್ಲಿ ಬಹುಪಾಲು ಪರಾಗ ಕೊಟ್ಟು ಉದುರಿಹೋಗುವ ಗಂಡುಹೂಗಳು. ಅಂಡಾಶಯ ಬಲಿತು ಕಾಯಾಗಬಲ್ಲವು ಸ್ವಲ್ಪ ಮಾತ್ರ. ಬಕ್‌ಐ ಗೊಂಚಲಿನಲ್ಲಿಯೂ ಬುಡದ ಕೆಲವೇ ಹೂಗಳು ಕಾಯಿ ಕಟ್ಟುತ್ತವೆ. ಆದ್ದರಿಂದ ಮರದಡಿ ರಾಶಿ ಹೂ ಉದುರಿದ್ದನ್ನು ಕಂಡು ರೋಗವೆಂದು ಬಗೆದು ಔಷಧಿ ಹೊಡೆಯುವುದು ಎರಡು ರೀತಿಯಲ್ಲಿ ತಪ್ಪು: ಉದುರುವುದು ಸಹಜ, ಮತ್ತು ಹೊಡೆದ ಔಷಧಿ ಪರಾಗ ಸಾಗಿಸುವ ಜೇನುಹುಳುಗಳನ್ನೇ ಕೊಲ್ಲುತ್ತದೆ. ಒಂಟಿ ಮರಕ್ಕಿಂತ ಹತ್ತಿರ ಹತ್ತಿರ ಎರಡು ಮೂರು ಮರಗಳಿದ್ದರೆ ಕಾಯಿ ಕಟ್ಟಲು ಅನುಕೂಲ. ಕಾಯಿಯನ್ನು ಕೈಗೆತ್ತಿಕೊಂಡು ನೋಡಿದರೆ ಎರಡು ಅಥವಾ ಮೂರು ಉಬ್ಬು ಹೋಳುಗಳು ಒಂದಕ್ಕೊಂದು ಕೂಡಿರುವುದು ಕಾಣುತ್ತದೆ. ಪ್ರತಿ ಹೋಳಿಗೆ ಒಂದರಂತೆ ಬೀಜವಿದ್ದು, ಹಣ್ಣಾದಾಗ ಸಿಪ್ಪೆ ಸುಕ್ಕುಗಟ್ಟಿ ಜೇನುಬಣ್ಣಕ್ಕೆ ತಿರುಗುತ್ತದೆ.

ಆ ಸಿಪ್ಪೆಯಲ್ಲಿರುವ ಸ್ಯಾಪೊನಿನ್ ಎಂಬ ರಾಸಾಯನಿಕವೇ ನೊರೆಗೆ ಕಾರಣ. ಸ್ಯಾಪೊನಿನ್ ಅಣುವಿನ ಒಂದು ಭಾಗ ಎಣ್ಣೆಜಿಡ್ಡಿಗೆ ಅಂಟಿಕೊಳ್ಳುವ ಗುಣವುಳ್ಳದ್ದು, ಅದಕ್ಕೆ ಜೋಡಿಸಿಕೊಂಡ ಸಕ್ಕರೆಯ ಸರಪಳಿ ನೀರನ್ನು ಒಲಿಯುವಂಥದು. ಹೀಗಾಗಿ ಜಿಡ್ಡು ನೀರಿನೊಂದಿಗೆ ಕೂಡಿ ಕೊಚ್ಚಿಹೋಗುತ್ತದೆ. ಸಾಧಾರಣ ಸಾಬೂನು ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಂದಿಗೆ ಸೇರಿ ಕರಗದ ಗಷ್ಟಾಗುತ್ತದೆ, ಅಂಟುವಾಳದ ನೀರಿಗೆ ಆ ತೊಂದರೆ ಅಷ್ಟಾಗಿ ಇಲ್ಲ. ಅದು ಕ್ಷಾರೀಯವಲ್ಲದೆ ತುಸು ಆಮ್ಲೀಯವಾಗಿರುವುದರಿಂದ ರೇಷ್ಮೆ ಸೀರೆ, ಉಣ್ಣೆ ಮತ್ತು ಕೂದಲಿಗೆ ಒಗ್ಗುತ್ತದೆ. ಸೀಗೆಕಾಯಿ, ಚುಜ್ಜಲು ಪುಡಿಗಳ ಜೊತೆಗೆ ಅದು ಬಯಲುಸೀಮೆಯ ಬಚ್ಚಲುಮನೆಯಲ್ಲಿ ಉಳಿದುಬಂದಿರುವುದಕ್ಕೆ ಇದೂ ಕಾರಣ. ಬಕ್‌ಐ ಬಳಗದ ಬೀಜಗಳಲ್ಲಿಯೂ ಈಸಿನ್ ಎಂಬ ಸ್ಯಾಪೊನಿನ್ ಇದ್ದು, ತಿಂದ ಜಾನುವಾರುಗಳಿಗೆ ಅವು ವಿಷವಾಗುತ್ತವೆ. ಹಿಮಾಲಯದ ಹಳ್ಳಿಗರು ಬನಖೋರ್ ಬೀಜದ ಹಿಟ್ಟನ್ನು ಹಲವು ಸಲ ನೀರಿನಲ್ಲಿ ತೊಳೆದು ಕಹಿ ಕಳೆದ ಬಳಿಕವೇ ಆಹಾರವಾಗಿ ಬಳಸುತ್ತಿದ್ದರು.

ಕೊಯ್ಲಿನಲ್ಲಿ ಕೋಲಿನಿಂದ ಬಡಿಯುವ ರೂಢಿಯನ್ನು ಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ವರ್ಷದ ಹೂಗೊಂಚಲು ಮೂಡಬೇಕಾದ ರೆಂಬೆತುದಿಗಳೇ ಆ ಪೆಟ್ಟಿಗೆ ಮುರಿಯುತ್ತವೆ. ಉದುರಿದ ಕಾಯಿಗಳನ್ನು ದಿನವೂ ಆರಿಸಿ, ಬೀಜ ತೆಗೆದು, ಸಿಪ್ಪೆಯನ್ನು ಗರಿಗರಿಯಾಗುವಂತೆ ಬಿಸಿಲಿಗೆ ಒಣಗಿಸಬೇಕು. ಗಾಳಿಯ ತೇವವನ್ನು ಹೀರಿ ಮತ್ತೆ ಅಂಟಾಗುವ ಗುಣ ಅದಕ್ಕಿರುವುದರಿಂದ, ಮುಚ್ಚಳ ಬಿಗಿಯಾದ ಡಬ್ಬದಲ್ಲಿಡದಿದ್ದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಪುಡಿ ಮಾಡುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಕಣ್ಣಿಗೆ ಸಿಡಿದರೆ ತೀವ್ರವಾಗಿ ಉರಿಯುತ್ತದೆ. ಸ್ಯಾಪೊನಿನ್ ಮೀನಿನ ಕಿವಿರುಗಳ ಸೂಕ್ಷ್ಮ ಪೊರೆಯನ್ನು ಹಾಳುಮಾಡಿ ಉಸಿರಾಟಕ್ಕೆ ಅಡ್ಡಿಯಾಗುವುದರಿಂದ ಮೀನು ಸಾಕುವ ಕೃಷಿಹೊಂಡದ ಏರಿಯ ಮೇಲೆ ಈ ಮರವನ್ನು ನೆಡಬಾರದು, ಅಂಟುವಾಳ ತೊಳೆದ ನೀರನ್ನು ಹೊಂಡಕ್ಕೆ ಹರಿಯಬಿಡಲೂಬಾರದು. ಬೀಜದಿಂದ ಬಂದ ಮರಗಳಲ್ಲಿ ಕಾಯಿಯ ಗಾತ್ರ, ಸಿಪ್ಪೆಯ ದಪ್ಪ, ಫಸಲಿನ ಪ್ರಮಾಣ ಒಂದೊಂದಕ್ಕೂ ಬೇರೆಯಾಗುವುದರಿಂದ, ಊರಿನಲ್ಲಿ ಹಲವು ವರ್ಷಗಳಿಂದ ದಪ್ಪ ಸಿಪ್ಪೆಯ ಕಾಯಿಯನ್ನು ತಪ್ಪದೆ ಕೊಡುತ್ತಿರುವ ಮರಗಳನ್ನು ಗುರುತಿಸಿಟ್ಟು, ಬಿತ್ತನೆಗೆ ಅವುಗಳ ಬೀಜವನ್ನೇ ಆರಿಸಿಕೊಳ್ಳಬೇಕು.