ಸಮವಸ್ತ್ರ ಕಳಚಿದ ಮೇಲೆ

ಲಂಡನ್ನಿನ ಪೂರ್ವದಂಚಿನ ಕೇಬಲ್ ಸ್ಟ್ರೀಟ್‌ನಲ್ಲಿದ್ದ ಸೇಂಟ್ ಜಾರ್ಜ್ ಇನ್ ದಿ ಈಸ್ಟ್ ಶಾಲೆಯಲ್ಲಿ ಮಕ್ಕಳು ವಾರಕ್ಕೊಮ್ಮೆ ಕೂತು ತಮ್ಮ ಮೇಷ್ಟ್ರುಗಳ ಬಗ್ಗೆ ಬರೆಯುತ್ತಿದ್ದರು. ಯಾವ ಪಾಠ ಹಿಡಿಸಿತು, ಯಾವುದು ತಲೆ ತಿಂದಿತು, ಯಾರು ಸುಮ್ಮಸುಮ್ಮನೆ ರೇಗಿದರು ಎಂದೆಲ್ಲ ಮನಸ್ಸಿಗೆ ಬಂದದ್ದನ್ನು ಬರೆಯಬಹುದು, ಬರೆದದ್ದಕ್ಕೆ ಶಿಕ್ಷೆಯಿಲ್ಲ. ಮೇಷ್ಟ್ರುಗಳು ಅದನ್ನು ಓದಲೇಬೇಕು.

ಈ ಪದ್ಧತಿ ತಂದವರು ಹೆಡ್‌ಮಾಸ್ಟರ್ ಅಲೆಕ್ಸ್ ಬ್ಲೂಮ್. ಮಹಾಯುದ್ಧ ಮುಗಿದ 1945ರ ಅಕ್ಟೋಬರ್‌ನಲ್ಲಿ ಅವರು ಶಾಲೆ ತೆರೆದಾಗ ಸುತ್ತಲಿನ ಕೇರಿಗಳು ಬಾಂಬಿಗೆ ಸಿಕ್ಕು ನಜ್ಜುಗುಜ್ಜಾಗಿದ್ದವು. ಅಲ್ಲಿ ಬೆತ್ತವಿಲ್ಲ, ಅಂಕಗಳ ಪೈಪೋಟಿಯಿಲ್ಲ, ಬಹುಮಾನವೂ ಇಲ್ಲ. ಶಾಲೆಯ ಆಗುಹೋಗುಗಳನ್ನು ಮಕ್ಕಳ ಸಮಿತಿ ಮತ್ತು ಶಿಕ್ಷಕರ ಸಮಿತಿ ಒಟ್ಟಿಗೆ ಕೂತು ಚರ್ಚಿಸುತ್ತಿದ್ದವು. ಮಗುವಿನ ಮನಸ್ಸಿನಿಂದ ಹೆದರಿಕೆ ಹೋಗದ ಹೊರತು ಕಲಿಕೆ ಒಳಗಿಳಿಯದು ಎಂಬುದು ಬ್ಲೂಮ್ ನಂಬಿಕೆ. ಬೆತ್ತದ ರುಚಿ ಕಂಡೇ ಮಗ್ಗಿ ಕಲಿತ ನಮ್ಮ ತಲೆಮಾರಿಗೆ ಇದು ಇವತ್ತಿಗೂ ಅರ್ಧ ಕನಸು, ಅರ್ಧ ತಮಾಷೆ.

ಇಂಥ ಶಾಲೆಗೆ ಬಂದು ಸೇರಿದರು ಇ. ಆರ್. ಬ್ರೇತ್‌ವೇಟ್. ಹುಟ್ಟಿದ್ದು 1912ರಲ್ಲಿ, ಬ್ರಿಟಿಷ್ ಗಯಾನಾದ ಜಾರ್ಜ್‌ಟೌನ್‌ನಲ್ಲಿ. ಯುದ್ಧದಲ್ಲಿ ರಾಯಲ್ ಏರ್ ಫೋರ್ಸ್‌ನ ಪೈಲಟ್. ಆ ಸಮವಸ್ತ್ರ ಮೈಮೇಲಿದ್ದಷ್ಟು ದಿನ ಅವರ ಕಪ್ಪು ಬಣ್ಣ ಯಾರಿಗೂ ಅಡ್ಡ ಬರಲಿಲ್ಲ. ಯುದ್ಧ ಮುಗಿಯಿತು, ಕೇಂಬ್ರಿಜ್‌ನಲ್ಲಿ ಭೌತಶಾಸ್ತ್ರ ಓದಿದ್ದೂ ಆಯಿತು. ಎಂಜಿನಿಯರ್ ಕೆಲಸಕ್ಕೆ ಅರ್ಜಿ ಹಾಕುತ್ತ ಹೋದಾಗಲೇ ಗೊತ್ತಾದದ್ದು, ಲಂಡನ್ನಿನವರು ಮರ್ಯಾದೆ ಕೊಟ್ಟದ್ದು ಬಟ್ಟೆಗೆ ಎಂದು. ಈ ದಿನಗಳ ಬಗ್ಗೆ ಅವರು ಮುಂದೆ ಬರೆದ ಪುಸ್ತಕದಲ್ಲೊಂದು ಸಂದರ್ಶನ ಬರುತ್ತದೆ. ಕೇಳಿದ ಪ್ರಶ್ನೆಗಳಿಗೆಲ್ಲ ಸಲೀಸಾಗಿ ಉತ್ತರ ಹೇಳಿದ ಮೇಲೂ ಕೆಲಸ ಸಿಗುವುದಿಲ್ಲ. ಬಿಳಿಯ ನೌಕರರ ಮೇಲೆ ಕರಿಯನೊಬ್ಬ ಅಧಿಕಾರಿಯಾಗಿ ಕೂರುವುದೆಂದರೇನು! ಕೊನೆಗೆ ಪಾರ್ಕಿನ ಬೆಂಚಿನಲ್ಲಿ ಸಿಕ್ಕ ಮುದುಕನೊಬ್ಬ, ಮೇಷ್ಟ್ರಾಗಬಾರದೇಕೆ ಎಂದು ಸೂಚಿಸುತ್ತಾನೆ. ಅವರು ಈ ವೃತ್ತಿಗೆ ಬಂದದ್ದು ಬೇರೆ ದಾರಿ ಕಾಣದೆ.

ಆ ದಿನಗಳೇ 1959ರಲ್ಲಿ ‘ಟು ಸರ್, ವಿತ್ ಲವ್’ ಎಂಬ ಆ ಪುಸ್ತಕವಾದವು. ಅದರಲ್ಲಿ ಬ್ಲೂಮ್ ಹೆಸರು ಫ್ಲೋರಿಯನ್ ಎಂದಾಗಿದೆ. ಹುಡುಗಿಯರನ್ನು ಮಿಸ್ ಎಂದು ಕರೆಯುವುದು, ಮೇಷ್ಟ್ರನ್ನು ಸರ್ ಎನ್ನುವುದು, ಬಾಯಿಗೆ ಬಂದಂತೆ ಮಾತಾಡುವ ಮಕ್ಕಳು ನಿಧಾನಕ್ಕೆ ಪಳಗುವುದು ಎಲ್ಲರಿಗೂ ಗೊತ್ತಿರುವ ಭಾಗ. ನನ್ನನ್ನು ಹಿಡಿದು ನಿಲ್ಲಿಸುವುದು ಬೇರೊಂದು. ಮಿಶ್ರವರ್ಣದ ಸಹಪಾಠಿಯ ತಾಯಿ ತೀರಿಕೊಂಡಾಗ ಮಕ್ಕಳು ಹೂವಿಗೆಂದು ಹಣ ಕೂಡಿಸುತ್ತಾರೆ. ಆದರೆ ಆ ಮನೆಗೆ ಒಯ್ದು ಕೊಡಲು ಹಿಂಜರಿಯುತ್ತಾರೆ, ಕೇರಿಯವರು ಆಡಿಕೊಂಡಾರೆಂದು. ಮೇಷ್ಟ್ರು ಮನಸ್ಸು ಮುರಿದುಕೊಂಡು ಅಂತ್ಯಕ್ರಿಯೆಗೆ ಹೋದರೆ ಮಕ್ಕಳು ಅವರಿಗಿಂತ ಮೊದಲೇ ಬಂದು ನಿಂತಿದ್ದಾರೆ.

ಎಲ್ಲರೂ ಈ ಚಿತ್ರಣವನ್ನು ಒಪ್ಪಲಿಲ್ಲ. ವಿದ್ಯಾರ್ಥಿಯೊಬ್ಬ ಮುಂದೆ ಬರೆದ ನೆನಪುಗಳಲ್ಲಿ ಈ ಮೇಷ್ಟ್ರು ಪುಸ್ತಕದಲ್ಲಿ ಕಾಣುವಷ್ಟು ಮೃದುವಲ್ಲ. ಪುಸ್ತಕವನ್ನು ಆಧರಿಸಿದ 1967ರ ಸಿನಿಮಾ ಜಗತ್ತಿಗೆಲ್ಲ ಇಷ್ಟವಾಯಿತು, ಮೇಷ್ಟ್ರ ಪಾತ್ರದಲ್ಲಿ ಸಿಡ್ನಿ ಪಾಟಿಯೆಯ ಗಾಂಭೀರ್ಯ, ಲುಲು ಹಾಡಿದ ಹಾಡು ಮನೆಮಾತಾದವು. ಬ್ರೇತ್‌ವೇಟ್‌ಗೆ ಮಾತ್ರ ಅದು ಹಿಡಿಸಲೇ ಇಲ್ಲ. ಪುಸ್ತಕದಲ್ಲಿದ್ದ ಬಿಳಿಯ ಶಿಕ್ಷಕಿಯೊಂದಿಗಿನ ಪ್ರೀತಿಯನ್ನು ಪರದೆಯ ಮೇಲೆ ತೆಳುವಾಗಿಸಿದ್ದರು. ಕೋಪ ಬರದೆ ಇದ್ದೀತೆ?

ಮುಂದಿನದು ದೊಡ್ಡ ಬದುಕು, ಚಿಕ್ಕದಾಗಿ ಹೇಳುತ್ತೇನೆ. ಲಂಡನ್ನಿನಲ್ಲೇ ಸಮಾಜ ಕಾರ್ಯಕರ್ತರಾಗಿ ಬಿಳಿಯರಲ್ಲದ ಮಕ್ಕಳಿಗೆ ಸಾಕುಮನೆ ಹುಡುಕಿದರು. ಸ್ವತಂತ್ರ ಗಯಾನಾದ ಪರವಾಗಿ ವಿಶ್ವಸಂಸ್ಥೆಯಲ್ಲಿ, ವೆನೆಜುವೆಲಾದಲ್ಲಿ ರಾಯಭಾರಿಯಾದರು. ಅಮೆರಿಕದಲ್ಲಿ ಮತ್ತೆ ಪಾಠ ಹೇಳಿದರು. 2016ರಲ್ಲಿ, 104ನೇ ವಯಸ್ಸಿನಲ್ಲಿ ತೀರಿಕೊಂಡರು.

ಬ್ಲೂಮ್ 1955ರಲ್ಲೇ ತೀರಿಕೊಂಡಿದ್ದರು, ಪುಸ್ತಕ ಬರುವುದಕ್ಕೆ ನಾಲ್ಕು ವರ್ಷ ಮೊದಲು. ಹೊಸಬನೊಬ್ಬ ತಡವರಿಸಿ ಕಲಿಯಲು ಜಾಗ ಮಾಡಿಕೊಟ್ಟ ಆ ಮನುಷ್ಯ ತನ್ನ ಬಗ್ಗೆ ಅಲ್ಲೇನಿದೆ ಎಂದು ಓದಲಿಲ್ಲ. ವಾರವಾರ ಮಕ್ಕಳ ಟೀಕೆ ಓದಿ ಅಭ್ಯಾಸವಾಗಿದ್ದವರು, ಓದಿದ್ದರೆ ಒಂದೆರಡು ತಿದ್ದುಪಡಿಗಳನ್ನಾದರೂ ಹೇಳುತ್ತಿದ್ದರೇನೋ.