ಜೋಡಿ ಬಿಡದ ಫೋಟಾನ್‌ಗಳು

1987ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಹಾಂಗ್, ಔ ಮತ್ತು ಮ್ಯಾಂಡೆಲ್ ಅಳೆಯಹೊರಟಿದ್ದು ಸಮಯವನ್ನು. ಅತಿನೇರಳೆ ಲೇಸರ್ ಕಿರಣ ಒಂದು ಬಗೆಯ ಹರಳಿನೊಳಗೆ ಹಾಯುವಾಗ, ಅಪರೂಪಕ್ಕೊಮ್ಮೆ ಒಂದು ಫೋಟಾನ್ ಕಡಿಮೆ ಶಕ್ತಿಯ ಎರಡು ಫೋಟಾನ್‌ಗಳಾಗಿ ಹೊರಬರುತ್ತದೆ. ಈ ಅವಳಿಗಳ ನಡುವೆ ಎಷ್ಟು ಸಮಯದ ಅಂತರ? ಅದನ್ನು ನೇರವಾಗಿ ಹಿಡಿಯುವಷ್ಟು ಚುರುಕಾದ ಡಿಟೆಕ್ಟರ್‌ಗಳು ಆಗ ಇರಲಿಲ್ಲ.

ಅದಕ್ಕೆ ಅವರು ಬೇರೆಯೇ ಉಪಾಯ ಹೂಡಿದರು. ಅರ್ಧ ಬೆಳಕನ್ನು ದಾಟಿಸಿ ಅರ್ಧವನ್ನು ಪ್ರತಿಫಲಿಸುವ ಗಾಜಿನ ಮೇಲೆ ಅವಳಿಗಳು ಎರಡು ಬದಿಗಳಿಂದ ಬಂದು ಬೀಳುವಂತೆ ಮಾಡಿದರು. ಆಚೆ ಈಚೆ ಒಂದೊಂದು ಡಿಟೆಕ್ಟರ್. ಸಾಮಾನ್ಯ ಲೆಕ್ಕದಂತೆ ಅರ್ಧದಷ್ಟು ಸಲ ಫೋಟಾನ್‌ಗಳು ಬೇರೆ ಬೇರೆ ಬದಿಗೆ ಹೋಗಬೇಕು. ಆದರೆ ಎರಡೂ ಒಂದೇ ಕ್ಷಣಕ್ಕೆ ಬಂದಾಗ, ಡಿಟೆಕ್ಟರ್‌ಗಳೆರಡೂ ಒಟ್ಟಿಗೆ ದಾಖಲಿಸುವುದು ಹೆಚ್ಚುಕಡಿಮೆ ನಿಂತೇಹೋಯಿತು. ಎರಡೂ ಜೊತೆಯಾಗಿ ಒಂದೇ ಬದಿಗೆ ಹೊರಡುತ್ತಿದ್ದವು. ಅವಳಿಗಳ ಸಮಯದ ಅಂತರವನ್ನು ಬದಲಿಸುತ್ತ ಇಂಥ ಒಟ್ಟಿಗಿನ ದಾಖಲೆಗಳನ್ನು ಎಣಿಸಿ ಬರೆದ ನಕ್ಷೆಯಲ್ಲಿ ಮೂಡಿದ ತಗ್ಗಿನ ಅಗಲ ಸುಮಾರು 100 ಫೆಮ್ಟೊಸೆಕೆಂಡ್. ಅಷ್ಟರಲ್ಲಿ ಬೆಳಕು ಸಾಗುವುದು 0.03 ಮಿಲಿಮೀಟರ್ ಮಾತ್ರ.

ಫೋಟಾನ್‌ಗಳು ಒಂದನ್ನೊಂದು ಸೆಳೆಯುತ್ತವೆ ಎಂದು ಇದನ್ನು ವಿವರಿಸುವವರಿದ್ದಾರೆ. ಅದು ತಪ್ಪು, ಇಲ್ಲಿ ಯಾವ ಬಲದ ಕೆಲಸವೂ ಇಲ್ಲ. ‘ಎರಡೂ ಗಾಜನ್ನು ದಾಟಿದವು’, ‘ಎರಡೂ ಪ್ರತಿಫಲಿಸಿದವು’ ಎಂಬ ಎರಡು ಸಾಧ್ಯತೆಗಳೂ ಕೊನೆಗೆ ಮುಟ್ಟುವುದು ಒಂದೇ ಫಲಿತಾಂಶಕ್ಕೆ: ಬದಿಗೊಂದು ಫೋಟಾನ್. ಫೋಟಾನ್‌ಗಳು ತದ್ರೂಪಿಗಳಾಗಿದ್ದರೆ, ನಡೆದದ್ದು ಯಾವುದು ಎಂಬ ಗುರುತು ಎಲ್ಲಿಯೂ ಉಳಿಯುವುದಿಲ್ಲ. ಆಗ ಎರಡು ಸಾಧ್ಯತೆಗಳ ಕ್ವಾಂಟಂ ಅಲೆಗಳು ವಿರುದ್ಧ ಚಿಹ್ನೆಯೊಂದಿಗೆ ಕೂಡಿ ಸೊನ್ನೆಯಾಗುತ್ತವೆ. ಒಂದು ಫೋಟಾನನ್ನು ಚೂರು ತಡಮಾಡಿಸಿದರೆ ಸಾಕು, ಗುರುತು ಹುಟ್ಟಿ ಜೋಡಿ ಮುರಿಯುತ್ತದೆ. 1924ರಲ್ಲಿ ಢಾಕಾದಲ್ಲಿದ್ದ ಸತ್ಯೇಂದ್ರನಾಥ ಬೋಸ್ ಬೆಳಕಿನ ಕಣಗಳನ್ನು ಎಣಿಸಿದ ಹೊಸ ಬಗೆಯಲ್ಲೇ, ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾಗದೆಂಬ ಈ ಗುಣ ಅಡಗಿತ್ತು.

ಮೂರನೆಯ ಫೋಟಾನ್ ಸೇರಿದಾಗ ವಿಷಯ ಇನ್ನೂ ಸೊಗಸು. ಯಾವುದೇ ಎರಡನ್ನು ಜೋಡಿಯಾಗಿ ಹೋಲಿಸಿದಾಗ ಏನೂ ಬದಲಾಗದಂತೆ ಕಾಯ್ದುಕೊಂಡೇ, ಮೂರರ ಒಟ್ಟು ವರ್ತನೆಯನ್ನು ಬದಲಿಸಬಹುದೆಂದು 2017ರಲ್ಲಿ ಆಕ್ಸ್‌ಫರ್ಡ್‌ನ ಪ್ರಯೋಗವೊಂದು ತೋರಿಸಿತು. ಮೂರೂ ಸೇರಿದಾಗಷ್ಟೇ ಅರ್ಥಪಡೆಯುವ ಫೇಸ್ (ಅಲೆಯ ಹಂತ) ಒಂದು ಅಲ್ಲಿ ಕೆಲಸ ಮಾಡುತ್ತದೆ.

ಫೋಟಾನ್‌ಗಳು ಹೆಚ್ಚಿದಂತೆ, ಅವು ಎಲ್ಲೆಲ್ಲಿ ಹೊರಬಂದಾವು ಎಂಬ ಲೆಕ್ಕ ಸಾಮಾನ್ಯ ಕಂಪ್ಯೂಟರಿನ ಕೈಮೀರುತ್ತದೆ. ಸಂಶೋಧಕರಾದ ಆರನ್‌ಸನ್ ಮತ್ತು ಅರ್ಖಿಪೊವ್ 2011ರಲ್ಲಿ ಇದನ್ನೇ ಸವಾಲಾಗಿ ಮುಂದಿಟ್ಟರು. 2020ರಲ್ಲಿ ಚೀನಾದ ‘ಜಿಯುಝಾಂಗ್’ ಯಂತ್ರ 100 ದಾರಿಗಳ ಜಾಲದಲ್ಲಿ 76ರವರೆಗೆ ಫೋಟಾನ್‌ಗಳನ್ನು ಗುರುತಿಸಿತು. ಇದೇ ಕೆಲಸಕ್ಕೆ ಸೂಪರ್ ಕಂಪ್ಯೂಟರಿಗೆ ಕೋಟ್ಯಂತರ ವರ್ಷ ಬೇಕೆಂಬ ಆಗಿನ ಅಂದಾಜನ್ನು ಆಮೇಲೆ ಬಂದ ಲೆಕ್ಕದ ವಿಧಾನಗಳು ಬಹಳ ಕೆಳಗಿಳಿಸಿವೆ. ಜಾಲದಲ್ಲಿ ಸಾಗುವಾಗ ಕಳೆದುಹೋಗುವ ಫೋಟಾನ್‌ಗಳೇ ಆ ವಿಧಾನಗಳಿಗೆ ಅನುಕೂಲ. ಹೀಗಾಗಿ ಸಂಶೋಧಕರ ಹೋರಾಟ ಈಗ ಮುಖ್ಯವಾಗಿ ಈ ನಷ್ಟದ ವಿರುದ್ಧವೇ.