ಶಾಲಿಗೆ ಮೊದಲು ಹೆಸರು: ಹಳಿಯಾಳ ಸೀಮೆಯ ಕಲಾವಿದರೂ ನಮ್ಮ ಲೆಕ್ಕದ ವಹಿಯೂ

ಹಳಿಯಾಳ ತಾಲೂಕಿನ ತೇರಗಾಂವದಲ್ಲಿ ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರ ಕೃಷಿ ಉಪಕರಣ ಮಳಿಗೆಯ ಉದ್ಘಾಟನೆ ನಡೆಯಿತು. ಸಮಾರಂಭದ ಖರ್ಚು-ವೆಚ್ಚ ಬರೆದಿಡುವ ಹೊಣೆ ಈ ಲೇಖಕನದಾಗಿತ್ತು. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಗೌರವ ಉಪಸ್ಥಿತರು ಎಂದು ಆಮಂತ್ರಣ ಪತ್ರಿಕೆಯಲ್ಲಿ 16 ಹೆಸರುಗಳು ಅಚ್ಚಾಗಿದ್ದವು. ಆದರೆ ಆ ದಿನ ಸಂತೆಗೆ ಬಂದ ರೈತರನ್ನು ಮಳಿಗೆಯ ಮುಂದೆ ತಂದು ನಿಲ್ಲಿಸಿದ್ದು ಆ 16 ಹೆಸರುಗಳಲ್ಲ, ಡಮಾಮಿ ಬಾರಿಸುತ್ತ ಕುಣಿಯುತ್ತ ಬಂದ ಸಿದ್ದಿ ಕಲಾವಿದರ ಒಂದು ತಂಡ. ಪತ್ರಿಕೆಯ ಕೊನೆಯ ಸಾಲಿನಲ್ಲಿ ಅವರ ಕುರಿತು ಇದ್ದದ್ದು "ನಂತರ ಮನರಂಜನೆ" ಎಂಬ ಎರಡೇ ಶಬ್ದ. ಲೆಕ್ಕದ ವಹಿಯಲ್ಲಿಯೂ ಮಂಟಪ, ಧ್ವನಿವರ್ಧಕ, ಚಹಾ-ಉಪ್ಪಿಟ್ಟುಗಳ ಕೆಳಗೆ ಅವರಿಗೆ ಸಂದ ಹಣವನ್ನು "ಇತರೆ" ಎಂದು ಬರೆದವನು ನಾನೇ.

ಕೊನೆಯಲ್ಲಿ ತಂಡದ ಹಿರಿಯ ಮಹಿಳೆಗೆ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ನೀಡಿ ಸನ್ಮಾನಿಸಲಾಯಿತು. ವೇದಿಕೆಯಿಂದ ಇಳಿದ ಆಕೆ ಶಾಲನ್ನು ಮಡಚಿ ಚೀಲಕ್ಕಿಡುತ್ತ, "ಸಾವ್ಕಾರ್ರ, ಶಾಲು ಮನಿಯಾಗ ಭಾಳ ಅದಾವ್ರಿ. ಮುಂದಿನ ಸಲ ಚೀಟಿಯೊಳಗ ನಮ್ಮ ತಂಡದ ಹೆಸರು ಹಾಕಸ್ರಿ" ಎಂದರು. "ಆಗಲಿ ಅಕ್ಕಾ" ಎಂದೆ. ಮಾತಿನಲ್ಲಿ ದೂರಿನ ಧ್ವನಿ ಇರಲಿಲ್ಲ. ಗಿರಾಕಿಯೊಬ್ಬ ರಶೀದಿ ಕೇಳುವ ಸಹಜತೆಯಿತ್ತು. ಅಂದಿನಿಂದ ಈ ವಿಷಯ ಮನಸ್ಸಿನಲ್ಲಿ ಉಳಿದಿದೆ. ಜನಪ್ರಿಯ ಸಂಸ್ಕೃತಿಗೆ ಕೊಡುಗೆ ನೀಡಿದವರನ್ನು ಗೌರವಿಸುವುದು ಎಂದರೆ ಏನು, ಅದರಲ್ಲಿ ವ್ಯಾಪಾರಸ್ಥರಾದ ನಮ್ಮ ಪಾಲು ಎಷ್ಟು ಎಂಬುದನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ.

ಗೌರವಗಳು ಬಂದೇ ಇಲ್ಲವೆಂದಲ್ಲ

ಆಫ್ರಿಕಾ ಮೂಲದ ಸಿದ್ದಿಗಳು ಶತಮಾನಗಳಿಂದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಜೊಯಿಡಾ ಭಾಗದ ಕಾಡಂಚಿನ ಹಳ್ಳಿಗಳಲ್ಲಿ ನೆಲೆಸಿರುವವರು. ಹಿಂದೂ, ಕ್ರೈಸ್ತ, ಮುಸ್ಲಿಂ ಮೂರೂ ಮತಗಳನ್ನು ಅನುಸರಿಸುವವರು ಇವರಲ್ಲಿದ್ದಾರೆ. ಡಮಾಮಿಯ ನಾದ ಮಾತ್ರ ಎಲ್ಲರಿಗೂ ಸಮಾನ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಅದಕ್ಕೂ ಮೊದಲೇ, 1980ರ ದಶಕದಲ್ಲಿ, ಹೆಗ್ಗೋಡಿನ ನೀನಾಸಮ್ ಸಂಸ್ಥೆಯ ರಂಗಕರ್ಮಿ ಚಿದಂಬರರಾವ್ ಜಂಬೆಯವರು ಮಂಚಿಕೇರಿ ಪರಿಸರದ ಸಿದ್ದಿ ಜನರನ್ನೇ ನಟರನ್ನಾಗಿಸಿ, ನೈಜೀರಿಯಾದ ಚಿನುವ ಅಚಿಬೆಯವರ ಕಾದಂಬರಿಯನ್ನಾಧರಿಸಿದ ನಾಟಕವನ್ನು ರಂಗಕ್ಕೆ ತಂದಿದ್ದರು. ಅಂದಿನ ಬಿತ್ತನೆಯ ಫಸಲು ನಂತರದ ವರ್ಷಗಳಲ್ಲಿ ಕಾಣಿಸಿಕೊಂಡಿತು. ಉತ್ತರ ಕನ್ನಡದ ರಂಗಕರ್ಮಿ ಪರಶುರಾಮ ಸಿದ್ದಿಯವರಿಗೆ 2019ರಲ್ಲಿ ರಂಗಭೂಮಿ ವಿಭಾಗದ ರಾಜ್ಯೋತ್ಸವ ಪ್ರಶಸ್ತಿ ಸಂದಿತು. ನೀನಾಸಮ್‌ನಲ್ಲಿ ತರಬೇತಿ ಪಡೆದ ಪ್ರಶಾಂತ್ ಸಿದ್ದಿಯವರು 2011ರ "ಪರಮಾತ್ಮ" ಸೇರಿದಂತೆ ಅನೇಕ ಚಲನಚಿತ್ರಗಳಲ್ಲಿ ನಟಿಸಿ ಮನೆಮಾತಾದರು.

2021ರ ಅಕ್ಟೋಬರ್‌ನಲ್ಲಿ ತೆರೆಕಂಡ, ದುನಿಯಾ ವಿಜಯ್ ನಿರ್ದೇಶನದ "ಸಲಗ" ಚಿತ್ರದ ಸಿದ್ದಿ ಹಾಡಂತೂ ನಾಡಿನಾದ್ಯಂತ ಮೊಳಗಿತು. ಚರಣ್ ರಾಜ್ ಸಂಗೀತದ ಆ ಹಾಡಿಗೆ ಚನ್ನಕೇಶವ ಅವರೊಂದಿಗೆ ಗಿರಿಜಾ ಸಿದ್ದಿ ಮತ್ತು ಗೀತಾ ಸಿದ್ದಿಯವರು ಧ್ವನಿ ನೀಡಿದ್ದರು. ಮದುವೆ ಮೆರವಣಿಗೆ, ಗಣೇಶೋತ್ಸವ, ಕಾಲೇಜು ವಾರ್ಷಿಕೋತ್ಸವ, ಎಲ್ಲಿ ನೋಡಿದರೂ ಅದೇ ಹಾಡು. ನಮ್ಮ ಅಂಗಡಿಗಳ ಧ್ವನಿವರ್ಧಕಗಳೂ ಹಿಂದೆ ಬೀಳಲಿಲ್ಲ.

ಇದೇ ಜಿಲ್ಲೆಯ ಅಂಕೋಲಾದ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದದ್ದೂ, 2025ರ ಫೆಬ್ರವರಿಯಲ್ಲಿ ಅವರು ಅಗಲಿದ್ದೂ ಓದುಗರಿಗೆ ನೆನಪಿರಬಹುದು. ಪದ್ಮ ಪ್ರಶಸ್ತಿಗಳೊಂದಿಗೆ ನಗದು ಬಹುಮಾನವಿಲ್ಲ. ಸನದು ಮತ್ತು ಪದಕ ಮಾತ್ರ. ರಾಜ್ಯೋತ್ಸವ ಪ್ರಶಸ್ತಿಗೆ ನಗದು ಉಂಟು. ಮೊದಲು 1 ಲಕ್ಷ ರೂಪಾಯಿ ಇದ್ದದ್ದು ಈಗ 5 ಲಕ್ಷವಾಗಿದೆ. ಆದರೆ ಅದು ವರ್ಷಕ್ಕೆ ಕೆಲವೇ ಹತ್ತು ಜನರಿಗೆ, ಬಾಳಿನಲ್ಲಿ ಒಮ್ಮೆ ದೊರೆಯುವಂಥದು. ಉಳಿದ ಕಲಾವಿದರ ವರ್ಷದ ಉಳಿದ ದಿನಗಳು ಯಾರ ಕೈಯಲ್ಲಿವೆ ಎಂದು ನೋಡಿದರೆ, ಕಾರ್ಯಕ್ರಮ ಗೊತ್ತುಪಡಿಸುವವರ ಕೈಯಲ್ಲಿ. ಎಂದರೆ ಬಹುಮಟ್ಟಿಗೆ ನಮ್ಮ ಕೈಯಲ್ಲಿ.

ಹಾಡು ಯಾರ ಸೊತ್ತು?

ಇಲ್ಲಿ ಕಾನೂನಿನ ಒಂದು ತೊಡಕನ್ನು ವಿವರಿಸಬೇಕಾಗುತ್ತದೆ. 1957ರ ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಮಹತ್ವದ ತಿದ್ದುಪಡಿಯಾಯಿತು. ಚಿತ್ರಗೀತೆ ಬರೆದವರು ಮತ್ತು ರಾಗ ಸಂಯೋಜಿಸಿದವರು ತಮ್ಮ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟಿದ್ದರೂ, ಚಿತ್ರಮಂದಿರದಲ್ಲಿ ಚಿತ್ರದೊಂದಿಗೆ ಪ್ರದರ್ಶನವಾಗುವುದನ್ನು ಬಿಟ್ಟು ಬೇರೆ ರೀತಿಯಲ್ಲಿ ಹಾಡು ಬಳಕೆಯಾದಾಗ ಬರುವ ಗೌರವಧನದಲ್ಲಿ ಸಮಪಾಲು ಪಡೆಯುವ ಹಕ್ಕು ಅವರಲ್ಲಿಯೇ ಉಳಿಯುತ್ತದೆ. ಅದನ್ನು ಬಿಟ್ಟುಕೊಟ್ಟೆನೆಂದು ಸಹಿ ಮಾಡಿದರೂ ಆ ಸಹಿಗೆ ಬೆಲೆಯಿಲ್ಲ. ಹಾಡಿದವರಿಗೂ ಪ್ರದರ್ಶಕರ ಹಕ್ಕು ಉಂಟು. ಅದರ ಅವಧಿ 50 ವರ್ಷ.

ಜನಪದ ಹಾಡಿನ ವಿಷಯ ಬೇರೆ. ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಹಾಡಿಗೆ ಕರ್ತೃವಿನ ಹೆಸರಿಲ್ಲ, ಆದ್ದರಿಂದ ಸಾಹಿತ್ಯದ ಹಕ್ಕು ಕೇಳುವವರೂ ಇಲ್ಲ. ಅದೇ ಹಾಡನ್ನು ಯಾರಾದರೂ ಧ್ವನಿಮುದ್ರಿಸಿದರೆ ಆ ಮುದ್ರಿಕೆಯ ಹಕ್ಕು ಮುದ್ರಿಸಿದವರದಾಗುತ್ತದೆ. ತಲೆಮಾರುಗಳಿಂದ ಹಾಡನ್ನು ಕಾಪಾಡಿಕೊಂಡು ಬಂದ ಹಳ್ಳಿಗೆ ಉಳಿಯುವುದು ಹಾಡಿದವರ ಪ್ರದರ್ಶಕ ಹಕ್ಕು ಒಂದೇ. ಬರಹದಲ್ಲಿ ಒಪ್ಪಂದವಿಲ್ಲದಿದ್ದರೆ ಅದನ್ನು ಸಾಧಿಸುವುದೂ ಕಷ್ಟ. ಒಂದು ಮೂಟೆ ಗೋವಿನಜೋಳಕ್ಕೂ ತೂಕದ ಚೀಟಿ ಪಡೆಯುವ ನಾವು, ನಮ್ಮ ಜಾಹೀರಾತಿಗಾಗಿ ಹಾಡಿಸಿಕೊಂಡಾಗ ಹಾಳೆಯ ಮೇಲೆ ನಾಲ್ಕು ಸಾಲು ಬರೆದುಕೊಡುವುದಿಲ್ಲ.

ಅಂಗಡಿ, ಹೋಟೆಲುಗಳಲ್ಲಿ ಹಾಡು ನುಡಿಸಲು ಪರವಾನಗಿ ಶುಲ್ಕ ಕೇಳಿ ಬರುವ ಸೂಚನಾಪತ್ರಗಳ ಬಗ್ಗೆ ಸದಸ್ಯರಲ್ಲಿ ಅಸಮಾಧಾನವಿದೆ. ಒಂದೇ ಹಾಡಿಗೆ ಎರಡು ಮೂರು ಕಡೆಯವರು ಕೇಳುತ್ತಾರೆಂಬ ದೂರು ನ್ಯಾಯವಾದುದೇ. ಕೇಳಿದವರ ನೋಂದಣಿ ಮತ್ತು ಹಕ್ಕಿನ ಪತ್ರಗಳನ್ನು ತೋರಿಸುವಂತೆ ಕೇಳಲು ಯಾರೂ ಹಿಂಜರಿಯಬೇಕಿಲ್ಲ. ಮದುವೆಯ ಮೆರವಣಿಗೆ ಹಾಗೂ ಮದುವೆಗೆ ಸಂಬಂಧಿಸಿದ ಸಮಾರಂಭಗಳಿಗೆ ಅಧಿನಿಯಮದ 52ನೇ ಕಲಮಿನಲ್ಲಿ ವಿನಾಯಿತಿಯೂ ಇದೆ. ಆದರೆ ಹೋಟೆಲಿಗೂ ಬಟ್ಟೆ ಅಂಗಡಿಗೂ ಆ ವಿನಾಯಿತಿ ಇಲ್ಲ. ಆ ಶುಲ್ಕದ ಒಂದು ಪಾಲು ಹಾಡು ಬರೆದವರಿಗೆ, ರಾಗ ಹಾಕಿದವರಿಗೆ ತಲುಪಬೇಕಾದದ್ದು ಎಂಬುದನ್ನು ಮರೆತು ಎಲ್ಲವನ್ನೂ "ವಸೂಲಿ" ಎಂದು ಕರೆಯುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ಕೌದಿಯ ದಾರಿ

ಹಾಡಿಗಿಂತ ಕೌದಿಯ ಕಥೆ ನಮ್ಮ ಜನರಿಗೆ ಬೇಗ ಅರ್ಥವಾದೀತು, ಏಕೆಂದರೆ ಅದು ಕೈಗೆ ಸಿಗುವ ಸರಕು. ಸಿದ್ದಿ ಮಹಿಳೆಯರು ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳಿಂದ ಹೊಲಿಯುವ ಕವಂದಿಯ ಕ್ರಮ ವಿಶಿಷ್ಟವಾದದ್ದು. ಅಂಚಿನಿಂದ ಆರಂಭಿಸಿ ಸುತ್ತು ಸುತ್ತಾಗಿ ಒಳಕ್ಕೆ ಹೊಲಿಯುತ್ತ ಮಧ್ಯಕ್ಕೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೆ ಮಡಚಿದ ತ್ರಿಕೋನದ ತುಂಡುಗಳನ್ನು ಕೂಡಿಸುವುದುಂಟು. ಅದಕ್ಕೆ "ಫುಲ" ಎಂದು ಹೆಸರು. ಫುಲವಿಲ್ಲದ ಕವಂದಿ ಬತ್ತಲೆಯೆಂದೇ ಅವರ ಭಾವನೆ. ಮೊದಲೇ ಬರೆದಿಟ್ಟ ನಕ್ಷೆಯಿಲ್ಲ. ಯಾವ ಬಣ್ಣದ ಪಕ್ಕ ಯಾವ ಬಣ್ಣ ಎಂಬುದು ಹೊಲಿಯುವವಳ ಕಣ್ಣಿನ ನಿರ್ಣಯ. ಹಾಗಾಗಿ ಬಲ್ಲವರು ಕೌದಿ ನೋಡಿಯೇ ಇದು ಇಂಥವರ ಕೈಯದು ಎಂದು ಗುರುತಿಸುತ್ತಾರೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರು ಈ ಹಳ್ಳಿಗಳಲ್ಲಿ ಅಧ್ಯಯನ ನಡೆಸಿ, ಕೌದಿ ಹೊಲಿಯುವ ಮಹಿಳೆಯರ ಸಹಕಾರಿ ಪ್ರಯತ್ನಕ್ಕೆ ನೆರವಾದರು. 2011ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಆಫ್ರಿಕನ್ ಡಯಾಸ್ಪೊರಾ ವಸ್ತುಸಂಗ್ರಹಾಲಯದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನವೇ ನಡೆಯಿತು. ಇಂದು ಅಮೆರಿಕದ ಹವ್ಯಾಸಿ ಕೌದಿ ಹೊಲಿಗೆಗಾರರಲ್ಲಿ "ಕವಂದಿ" ಎಂಬುದು ಒಂದು ಹೊಲಿಗೆ ವಿಧಾನದ ಹೆಸರಾಗಿ ಚಲಾವಣೆಯಲ್ಲಿದೆ. ಅದನ್ನು ಕಲಿಸುವ ತರಗತಿಗಳು ಶುಲ್ಕ ಪಡೆದು ನಡೆಯುತ್ತವೆ. ಹೆಸರು ಸಮುದ್ರ ದಾಟಿತು. ಹಳಿಯಾಳದ ಸಂತೆಯಲ್ಲಿ ಮಾತ್ರ ನಾವು ಕೌದಿಯನ್ನು ಕಂಬಳಿಯ ಪಕ್ಕ ಇಟ್ಟು, ಹಳೆಬಟ್ಟೆಯದಲ್ಲವೇ ಎಂದು ಚೌಕಾಶಿ ಮಾಡುತ್ತೇವೆ.

ಧಾರವಾಡದ ಕಸೂತಿ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತು ಬಹುಕಾಲವಾಯಿತು. ಆ ಮಾನ್ಯತೆ ನಕಲನ್ನು ಪ್ರಶ್ನಿಸುವ ಬಲ ಕೊಡುತ್ತದೆ, ಗಿರಾಕಿಯನ್ನು ಕರೆತರುವುದಿಲ್ಲ. ಕರೆತರುವವನು ವ್ಯಾಪಾರಿ. ಹೊಲಿದವಳ ಹೆಸರು, ಊರು, ಹಿಡಿದ ದಿನಗಳು ಇಷ್ಟನ್ನು ಬರೆದ ಒಂದು ಚಿಕ್ಕ ಪಟ್ಟಿಯನ್ನು ಕೌದಿಯ ಮೂಲೆಗೆ ಹೊಲಿಸಿದರೆ ತಗಲುವ ಖರ್ಚು ಅತ್ಯಲ್ಪ. ದಾಂಡೇಲಿಗೆ ಬರುವ ಪ್ರವಾಸಿಗ ಆ ಪಟ್ಟಿಯಿರುವ ಕೌದಿಗೆ ಕೊಡಲೊಪ್ಪುವ ಬೆಲೆಯೇ ಬೇರೆ.

ಸದಸ್ಯರ ಗಮನಕ್ಕೆ

ದಾಂಡೇಲಿ, ಜೊಯಿಡಾ ಕಡೆಯ ರೆಸಾರ್ಟುಗಳಲ್ಲಿ ಸಂಜೆಯ ಡಮಾಮಿ ಕುಣಿತ ಈಗ ಪ್ರವಾಸೋದ್ಯಮದ ಭಾಗವೇ ಆಗಿದೆ. ಅಂಥ ಕಾರ್ಯಕ್ರಮಗಳನ್ನು ಏರ್ಪಡಿಸುವವರು ಬಾಯಿಮಾತಿನ ಬದಲು ಸಂಭಾವನೆ, ಪ್ರಯಾಣ ವೆಚ್ಚ, ಊಟ, ಚಿತ್ರೀಕರಿಸಿ ಜಾಹೀರಾತಿಗೆ ಬಳಸಿದರೆ ಪ್ರತ್ಯೇಕ ಮೊತ್ತ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಎರಡೂ ಕಡೆ ಸಹಿ ಮಾಡುವ ಪದ್ಧತಿ ಹಾಕಿಕೊಳ್ಳಬೇಕು. ತೆರಿಗೆಯ ಭಯ ಬೇಡ: ಜನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ನಾಟಕ ಪ್ರದರ್ಶನಕ್ಕೆ ಕಲಾವಿದರು ಪಡೆಯುವ ಸಂಭಾವನೆ 1.5 ಲಕ್ಷ ರೂಪಾಯಿ ಮೀರದಿದ್ದರೆ ಅದಕ್ಕೆ ಜಿಎಸ್‌ಟಿ ವಿನಾಯಿತಿ ಇದೆ. ಬ್ರಾಂಡ್ ರಾಯಭಾರಿಯಾಗಿ ನೀಡುವ ಸೇವೆಗೆ ಮಾತ್ರ ಇದು ಅನ್ವಯಿಸದು. ದೊಡ್ಡ ಕಂಪನಿಗಳಿಗೆ 2013ರ ಕಂಪನಿಗಳ ಅಧಿನಿಯಮದಡಿ ಸಾಮಾಜಿಕ ಹೊಣೆಗಾರಿಕೆಯ ವೆಚ್ಚವನ್ನು ಸಾಂಪ್ರದಾಯಿಕ ಕಲೆ ಮತ್ತು ಕರಕುಶಲಗಳಿಗೆ ವಿನಿಯೋಗಿಸಲು ಅವಕಾಶವಿದೆ. ನಮ್ಮಂಥ ಸಣ್ಣವರಿಗೆ ಆ ಕಾನೂನಿನ ಬಾಧ್ಯತೆ ಇಲ್ಲ; ನಮಗೆ ಆಮಂತ್ರಣ ಪತ್ರಿಕೆ ಇದೆ, ಲೆಕ್ಕದ ವಹಿ ಇದೆ.

ತೇರಗಾಂವದ ಆ ಬಂಧುಗಳು ಮುಂದೆ ಗೋದಾಮೊಂದನ್ನು ಕಟ್ಟಿಸಿದಾಗ ಅದೇ ತಂಡವನ್ನು ಕರೆಸಿದರು. ಸಂಭಾವನೆಯನ್ನು ಮೊದಲೇ ಮಾತನಾಡಿ, ಅರ್ಧ ಮುಂಗಡ ಕೊಟ್ಟು, ವಹಿಯಲ್ಲಿ "ಕಲಾವಿದರ ಸಂಭಾವನೆ" ಎಂಬ ಹೊಸ ಖಾತೆ ತೆರೆದೆ. ಆಮಂತ್ರಣ ಪತ್ರಿಕೆಯಲ್ಲಿ ತಂಡದ ಹೆಸರನ್ನೂ ಒಂಬತ್ತು ಕಲಾವಿದರ ಹೆಸರುಗಳನ್ನೂ ಉದ್ಘಾಟಕರ ಹೆಸರಿನ ಕೆಳಗೇ ಹಾಕಲು ಬರೆದುಕೊಟ್ಟೆ. ಕರಡಚ್ಚು ತಂದ ಮುದ್ರಣಾಲಯದ ಹುಡುಗ ಆ ಸಾಲುಗಳ ಮೇಲೆ ಬೆರಳಿಟ್ಟು, "ಸರ್, ಇವರು ದೇಣಿಗೆ ಕೊಟ್ಟವರೇನ್ರಿ?" ಎಂದು ಕೇಳಿದ.